ಸರ್ಕಾರಿ ಅನುದಾನದ ತಂತ್ರಾಂಶ: ಸಾರ್ವಜನಿಕ ಲಭ್ಯತೆ

ಸರ್ಕಾರದ ಸಂಶೋಧನಾ ಅನುದಾನದಿಂದ ಅಥವಾ ಇಲಾಖೆಯೊಂದರ ಖರ್ಚಿನಲ್ಲಿ ಸಿದ್ಧವಾದ ತಂತ್ರಾಂಶವನ್ನು ಜನರು ಪಡೆಯಲು, ಬಳಸಲು, ಅದರ ಒಳರಚನೆ ನೋಡಲು, ತಿದ್ದಲು ಮತ್ತು ಇತರರಿಗೆ ಹಂಚಲು ಇರುವ ಅವಕಾಶವೇ ಸಾರ್ವಜನಿಕ ಲಭ್ಯತೆ. ಕರ್ನಾಟಕದಲ್ಲಿ ಈ ವಿಷಯದ ಚರ್ಚೆ ಮುಖ್ಯವಾಗಿ ಕನ್ನಡ ತಂತ್ರಾಂಶಗಳ ಸುತ್ತ ನಡೆಯಿತು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಇಂಥ ತಂತ್ರಾಂಶಗಳು ಪಹಣಿ, ಕಡಲಿನ ಮುನ್ಸೂಚನೆ, ಬೇಸಾಯದ ಸಲಹೆ ಮತ್ತು ಶಾಲಾ ಪಾಠಗಳ ಮೂಲಕ ಬಳಕೆಗೆ ಬಂದಿವೆ. ಬಳಸುವವರಿಗೆ ತಂತ್ರಾಂಶದ ಹೆಸರು ಗೊತ್ತಿರುವುದೇ ಕಡಿಮೆ.

ಪರಿಭಾಷೆ

ತಂತ್ರಾಂಶ ಎರಡು ರೂಪದಲ್ಲಿ ಇರುತ್ತದೆ. ಪ್ರೋಗ್ರಾಮರ್ ಬರೆಯುವುದು ಮೂಲಸಂಕೇತ ಅಥವಾ ಸೋರ್ಸ್ ಕೋಡ್. ಅದರಿಂದ ತಯಾರಾಗಿ ಕಂಪ್ಯೂಟರಿನಲ್ಲಿ ಓಡುವುದು ಚಾಲನಾ ಕಡತ. ಚಾಲನಾ ಕಡತವನ್ನಷ್ಟೇ ಹಣವಿಲ್ಲದೆ ಕೊಟ್ಟರೆ ಅದು ಉಚಿತ ತಂತ್ರಾಂಶ. ಮೂಲಸಂಕೇತವನ್ನೂ ಕೊಟ್ಟು, ಅದನ್ನು ತಿದ್ದುವ ಮತ್ತು ಮರುಹಂಚುವ ಹಕ್ಕನ್ನು ಪರವಾನಗಿಯ ಮೂಲಕ ಬರಹದಲ್ಲಿ ಕೊಟ್ಟರೆ ಅದು ಮುಕ್ತ ತಂತ್ರಾಂಶ. ಹಕ್ಕುಸ್ವಾಮ್ಯವನ್ನೇ ಪೂರ್ತಿ ಬಿಟ್ಟುಕೊಟ್ಟರೆ ಅಥವಾ ಕಾನೂನಿನಂತೆ ಅದು ಇಲ್ಲದೇ ಹೋದರೆ ತಂತ್ರಾಂಶ ಸಾರ್ವಜನಿಕ ಸ್ವತ್ತಾಗುತ್ತದೆ. ತಂತ್ರಾಂಶ ಹೊರಹಾಕುವ ಮಾಹಿತಿಯನ್ನು, ಉದಾಹರಣೆಗೆ ಪಹಣಿಯ ಪ್ರತಿಯನ್ನು, ಜನರಿಗೆ ಕೊಡುವುದು ದತ್ತಾಂಶ ಲಭ್ಯತೆ. ಸರ್ಕಾರಿ ಪ್ರಕಟಣೆಗಳಲ್ಲಿ ಇವೆಲ್ಲವೂ ‘ಸಾರ್ವಜನಿಕರಿಗೆ ಲಭ್ಯ’ ಎಂಬ ಒಂದೇ ಮಾತಿನಡಿ ಬರುವುದುಂಟು. ಈ ಲೇಖನದಲ್ಲಿ ಅವನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಲಾಗಿದೆ.

ಹಿನ್ನೆಲೆ

ಅಮೆರಿಕದಲ್ಲಿ ಸರ್ಕಾರಿ ನೌಕರರು ಕರ್ತವ್ಯದ ಭಾಗವಾಗಿ ರಚಿಸಿದ ಕೃತಿಗಳಿಗೆ ಆ ದೇಶದ ಕಾನೂನಿನಲ್ಲಿ ಹಕ್ಕುಸ್ವಾಮ್ಯವಿಲ್ಲ. ಹವಾಮಾನ, ಸಾಗರ ಮತ್ತು ಬಾಹ್ಯಾಕಾಶ ಸಂಸ್ಥೆಗಳ ಅನೇಕ ತಂತ್ರಾಂಶಗಳು ಹೀಗೆ ಲೋಕದ ಪಾಲಾದವು. ವಿಶ್ವವಿದ್ಯಾಲಯಗಳ ದಾರಿ ಬೇರೆ. ರಕ್ಷಣಾ ಇಲಾಖೆಯ ಹಣದಲ್ಲಿ ಬರ್ಕ್ಲಿಯಲ್ಲಿ ಬೆಳೆದ ಬಿ.ಎಸ್‌.ಡಿ. ಯುನಿಕ್ಸ್ ಸಡಿಲವಾದ ಪರವಾನಗಿಯೊಂದಿಗೆ ಹೊರಬಂತು. 1980ರ ಬೇ–ಡೋಲ್ ಕಾಯ್ದೆ ಅನುದಾನದಿಂದ ಹುಟ್ಟಿದ ಆವಿಷ್ಕಾರಗಳ ಒಡೆತನವನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಆಮೇಲೆ ಒಂದೇ ಕ್ಯಾಂಪಸ್ಸಿನಲ್ಲಿ ಕೆಲವು ತಂತ್ರಾಂಶ ಮುಕ್ತವಾಗಿಯೂ ಕೆಲವು ಮಾರಾಟದ ಸರಕಾಗಿಯೂ ಹೊರಟವು. ಯುರೋಪಿನಲ್ಲಿ ಹಲವು ದೇಶಗಳ ಹಣದಲ್ಲಿ ನಡೆಯುವ ಸೆರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ವರ್ಲ್ಡ್ ವೈಡ್ ವೆಬ್‌ನ ತಂತ್ರಾಂಶವನ್ನು ಸಾರ್ವಜನಿಕ ಸ್ವತ್ತೆಂದು ಘೋಷಿಸಿತು. ಸಾರ್ವಜನಿಕ ಹಣದಲ್ಲಿ ಬರೆದ ಸಂಕೇತ ಸಾರ್ವಜನಿಕರದ್ದೇ ಆಗಬೇಕೆಂಬ ಸಂಘಟಿತ ಪ್ರಚಾರ ಅಲ್ಲಿ 2017ರಲ್ಲಿ ಆರಂಭವಾಯಿತು.

ಭಾರತದಲ್ಲಿ ಭಾಷಾ ತಂತ್ರಾಂಶಕ್ಕೆ ಸರ್ಕಾರದ ಹಣ ಹರಿದದ್ದು ಮುಖ್ಯವಾಗಿ ಎರಡು ಕಾಲುವೆಗಳಲ್ಲಿ. ಕಾನ್ಪುರದ ಐಐಟಿಯಲ್ಲಿ ಮೊಳೆತ, ಭಾರತೀಯ ಲಿಪಿಗಳಿಗಾಗಿನ ಜಿಸ್ಟ್ ತಂತ್ರಜ್ಞಾನ 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ–ಡ್ಯಾಕ್‌ನಲ್ಲಿ ಮುಂದುವರಿಯಿತು. 1991ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಭಾಷೆಗಳ ತಂತ್ರಜ್ಞಾನ ಅಭಿವೃದ್ಧಿ ಕಾರ್ಯಕ್ರಮವನ್ನು (ಟಿಡಿಐಎಲ್) ಆರಂಭಿಸಿತು. ಇಸ್ಕಿ ಅಕ್ಷರಸಂಕೇತದ ಭಾರತೀಯ ಶಿಷ್ಟತೆ ಪ್ರಕಟವಾದದ್ದೂ ಅದೇ ವರ್ಷ. ಸಿ–ಡ್ಯಾಕ್ ತನ್ನ ಪದಸಂಸ್ಕಾರಕ ಮತ್ತು ಅಕ್ಷರಶೈಲಿಗಳನ್ನು ಬಹುಕಾಲ ಬೆಲೆಗೆ ಮಾರಿತು. 2005ರಿಂದ ಟಿಡಿಐಎಲ್ ಒಂದೊಂದೇ ಭಾಷೆಯ ಫಾಂಟು ಮತ್ತು ಸಲಕರಣೆಗಳನ್ನು ಸಿ.ಡಿ.ಗಳಲ್ಲಿ ಉಚಿತವಾಗಿ ಹಂಚತೊಡಗಿತು. ಕನ್ನಡದ ಸರದಿಯೂ ಬಂತು. ಒಮ್ಮೆ ಮಾರಿದ್ದನ್ನು ಮತ್ತೊಮ್ಮೆ ಹಂಚಿದ ಈ ಕ್ರಮದಿಂದ ಬಳಕೆದಾರರ ಖರ್ಚು ಇಳಿಯಿತು. ಮೂಲಸಂಕೇತದ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯಿತು.

ಕಾನೂನು ಮತ್ತು ನೀತಿ

1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಸೇರುತ್ತದೆ. ಸರ್ಕಾರ ತಾನೇ ಮಾಡಿದ ಅಥವಾ ತನ್ನ ನಿರ್ದೇಶನದಲ್ಲಿ ಮಾಡಿಸಿದ ಕೃತಿ ‘ಸರ್ಕಾರಿ ಕೃತಿ’. ಬೇರೆ ಒಪ್ಪಂದವಿಲ್ಲದಿದ್ದರೆ ಅದರ ಮೊದಲ ಒಡೆಯ ಸರ್ಕಾರವೇ. ಈ ಒಡೆತನ ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. ಅಮೆರಿಕದ ನಿಯಮಕ್ಕೆ ಇದು ತೀರಾ ವಿರುದ್ಧ. ಇಲ್ಲಿ ಪರವಾನಗಿಯ ಮಾತೇ ಇಲ್ಲದೆ ಹೊರಬಂದ ಸರ್ಕಾರಿ ತಂತ್ರಾಂಶವನ್ನು ಎಲ್ಲರೂ ಬಳಸಬಹುದು ಎಂದು ಊಹಿಸುವಂತಿಲ್ಲ. ಸುಮ್ಮನಿದ್ದರೆ ಹಕ್ಕು ಸರ್ಕಾರದಲ್ಲೇ ಉಳಿಯುತ್ತದೆ. ಅನುದಾನ ಪಡೆದ ವಿದ್ಯಾಸಂಸ್ಥೆ ಬರೆದ ತಂತ್ರಾಂಶದ ಒಡೆತನವನ್ನು ಅನುದಾನದ ಷರತ್ತುಗಳು ನಿರ್ಧರಿಸುತ್ತವೆ.

ಬೇ–ಡೋಲ್ ಮಾದರಿಯನ್ನು ಭಾರತಕ್ಕೆ ತರುವ ಮಸೂದೆಯೊಂದು 2008ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಸಾರ್ವಜನಿಕ ಅನುದಾನದ ಸಂಶೋಧನೆಯಿಂದ ಹುಟ್ಟುವ ಬೌದ್ಧಿಕ ಸ್ವತ್ತನ್ನು ಸಂಸ್ಥೆಗಳು ತಮ್ಮ ಹೆಸರಿನಲ್ಲಿ ಕಾಪಾಡಿ ಬಳಸಿಕೊಳ್ಳಬೇಕೆಂಬುದು ಅದರ ಆಶಯ. ಕಾಯ್ದೆಯಾಗದ ಆ ಮಸೂದೆಯನ್ನು 2014ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಅದೇ ವರ್ಷ ವಿಜ್ಞಾನ–ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ಮುಕ್ತ ಪ್ರವೇಶ ನೀತಿ ತಂದವು; ಅದರ ಒತ್ತು ಸಂಶೋಧನಾ ಪ್ರಬಂಧಗಳ ಮೇಲೆ. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯೂ 2017ರ ಮುಕ್ತ ದತ್ತಾಂಶ ಪರವಾನಗಿಯೂ ದತ್ತಾಂಶಕ್ಕೆ ಸಂಬಂಧಿಸಿದವು.

ತಂತ್ರಾಂಶವನ್ನೇ ನೇರವಾಗಿ ಮುಟ್ಟುವ ಕೇಂದ್ರದ ನೀತಿಗಳು 2015ರಲ್ಲಿ ಬಂದವು. ಒಂದು, ಸರ್ಕಾರಿ ಕಚೇರಿಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಹೇಳುತ್ತದೆ. ಇನ್ನೊಂದು, ಸರ್ಕಾರ ಬರೆಸಿದ ಆನ್ವಯಿಕಗಳ ಮೂಲಸಂಕೇತವನ್ನು ತೆರೆದು ಹಲವರು ಕೂಡಿ ಬೆಳೆಸಲು ದಾರಿ ಮಾಡುತ್ತದೆ. ಇದಕ್ಕಾಗಿ ಓಪನ್‌ಫೋರ್ಜ್ ಎಂಬ ಸಂಕೇತ ಭಂಡಾರ ಹುಟ್ಟಿತು. ಜನಸಾಮಾನ್ಯರ ಕಿವಿಗೂ ಬಿದ್ದ ಉದಾಹರಣೆ ಕೋವಿಡ್ ಸಂಪರ್ಕ ಪತ್ತೆಯ ಆರೋಗ್ಯ ಸೇತು: 2020ರ ಏಪ್ರಿಲ್‌ನಲ್ಲಿ ಬಂದ ಈ ಆ್ಯಪ್‌ನ ಆಂಡ್ರಾಯ್ಡ್ ಆವೃತ್ತಿಯ ಸಂಕೇತವನ್ನು ಮೇ 26ರಂದು ಬಹಿರಂಗಪಡಿಸಲಾಯಿತು. ಖಾಸಗಿತನದ ಬಗ್ಗೆ ಎದ್ದ ಟೀಕೆಯ ಒತ್ತಡ ಅದಕ್ಕೆ ಬೇಕಾಯಿತು.

ಮೂಲಸಂಕೇತವನ್ನು ಮಾಹಿತಿ ಹಕ್ಕಿನಡಿ ಕೇಳುವವರಿಗೂ ಕಾನೂನಿನ ಮಿತಿಗಳಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯ 9ನೇ ಕಲಮಿನಂತೆ, ಸರ್ಕಾರವಲ್ಲದ ಬೇರೆಯವರ ಹಕ್ಕುಸ್ವಾಮ್ಯಕ್ಕೆ ಧಕ್ಕೆಯಾಗುವಾಗ ಮಾತ್ರ ಆ ಕಾರಣಕ್ಕೆ ಅರ್ಜಿ ತಿರಸ್ಕರಿಸಬಹುದು. ಸರ್ಕಾರದ್ದೇ ಹಕ್ಕುಸ್ವಾಮ್ಯ ಈ ಕಲಮಿನ ಅಡ್ಡಿಯಲ್ಲ. ಭದ್ರತೆ, ವ್ಯಾಪಾರ ರಹಸ್ಯ ಮುಂತಾದ ವಿನಾಯಿತಿಗಳು 8ನೇ ಕಲಮಿನಲ್ಲಿವೆ.

ಕನ್ನಡ ತಂತ್ರಾಂಶ

ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ (ಕಿನ್ನಿಕಂಬಳ ಪದ್ಮನಾಭ ರಾವ್) ಕನ್ನಡದ ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸವೊಂದನ್ನು ರೂಪಿಸಿದರು. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ 26 ಅಕ್ಷರ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಅಡಗುತ್ತದೆ. ಮಹಾಪ್ರಾಣಕ್ಕೆ ಮತ್ತು ದೀರ್ಘಕ್ಕೆ ಶಿಫ್ಟ್ ಒತ್ತಬೇಕು, ಒತ್ತಕ್ಷರಕ್ಕೆ ‘ಎಫ್’ ಕೀಲಿ ಕೊಂಡಿ. ‘ಬ್ರಹ್ಮಾವರ’ ಎಂದು ಮೂಡಿಸಲು ಬಿ, ಎಫ್, ಆರ್, ಎಚ್, ಎಫ್, ಎಂ, ಶಿಫ್ಟ್ ಹಿಡಿದು ಎ, ಮತ್ತೆ ವಿ, ಆರ್ ಒತ್ತಿದರೆ ಆಯಿತು. ರಾವ್ ಈ ವಿನ್ಯಾಸಕ್ಕೂ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಮ್ಮ ‘ಸೇಡಿಯಾಪು’ ತಂತ್ರಾಂಶಕ್ಕೂ ಬೆಲೆ ಕಟ್ಟಲಿಲ್ಲ. ಸರ್ಕಾರ ಮುಂದೆ ಅಂಗೀಕರಿಸಿದ ಕೀಲಿಮಣೆ ಶಿಷ್ಟತೆಗೆ ಆಧಾರವಾದದ್ದು ಇದೇ ವಿನ್ಯಾಸ. ಸಾರ್ವಜನಿಕ ಹಣದ ತಂತ್ರಾಂಶವನ್ನು ವ್ಯಕ್ತಿಗಳು ಬಳಸಿಕೊಳ್ಳುವುದು ಎಲ್ಲ ಕಡೆ ಇದೆ. ಕನ್ನಡದಲ್ಲಿ ವ್ಯಕ್ತಿಯೊಬ್ಬರು ಬಿಟ್ಟುಕೊಟ್ಟದ್ದರ ಮೇಲೆ ಸರ್ಕಾರದ ತಂತ್ರಾಂಶ ನಿಂತಿತು.

ಆ ತಂತ್ರಾಂಶ ‘ನುಡಿ’. ರಾಜ್ಯ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ಇದನ್ನು ಅಭಿವೃದ್ಧಿಪಡಿಸಿತು. 2000ದ ನಂತರದ ವರ್ಷಗಳಲ್ಲಿ ಇದು ಸರ್ಕಾರಿ ಕಚೇರಿಗಳ ಅಧಿಕೃತ ತಂತ್ರಾಂಶವಾಗಿ ವಿಧಾನಸೌಧದಿಂದ ಗ್ರಾಮ ಪಂಚಾಯಿತಿವರೆಗೆ ಹರಡಿತು. ಡಿ.ಟಿ.ಪಿ. ಅಂಗಡಿ, ಪತ್ರಿಕಾ ಕಚೇರಿ, ಯಕ್ಷಗಾನ ಮೇಳದ ಕರಪತ್ರ ಅಚ್ಚುಹಾಕುವ ಮುದ್ರಣಾಲಯಗಳಲ್ಲೂ ನುಡಿ ಅಥವಾ ಶೇಷಾದ್ರಿ ವಾಸು ಅವರ ‘ಬರಹ’ ಇರಲೇಬೇಕು ಎಂಬಂತಾಯಿತು. ಬರಹ ಖಾಸಗಿ ಪ್ರಯತ್ನ. 1998ರಲ್ಲಿ ಹೊರಬಂದು ಬಹಳ ವರ್ಷ ಉಚಿತವಾಗಿದ್ದು, ನಂತರದ ಆವೃತ್ತಿಗಳಿಗೆ ಬೆಲೆ ಬಂತು. ನುಡಿಗೆ ಯಾರೂ ಹಣ ಕೊಡಬೇಕಾಗಿರಲಿಲ್ಲ. ಆದರೆ ಹಂಚಿಕೆಯಾದದ್ದು ಚಾಲನಾ ಕಡತ, ಅದೂ ಮುಖ್ಯವಾಗಿ ವಿಂಡೋಸ್‌ಗೆ. ಲಿನಕ್ಸ್ ಬಳಸುವವರು, ದೋಷ ಕಂಡು ತಿದ್ದಬಲ್ಲವರು, ಮೊಬೈಲಿಗೆ ಅಳವಡಿಸಬಯಸುವವರು ಪರಿಷತ್ತಿನ ಮುಂದಿನ ಆವೃತ್ತಿಗೆ ಕಾಯಬೇಕಾಯಿತು, ಇಲ್ಲವೇ ಮೊದಲಿನಿಂದ ತಾವೇ ಬರೆಯಬೇಕಾಯಿತು.

ಇದರ ಪರಿಣಾಮ ಅಕ್ಷರಸಂಕೇತದಲ್ಲಿ ಎದ್ದು ಕಾಣುತ್ತದೆ. ಲೋಕದ ಲಿಪಿಗಳಿಗೆಲ್ಲ ಒಂದೇ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ನುಡಿ ಮತ್ತು ಬರಹಗಳ ಹಳೆಯ ಫಾಂಟುಗಳು ಮಾತ್ರ ಕನ್ನಡದ ಅಕ್ಷರಭಾಗಗಳನ್ನು ಲ್ಯಾಟಿನ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದವು. ಅಂಥ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕುಂದಾಪುರ’ ಎಂಬಲ್ಲಿ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ, ನಡುವೆ ಜಪಾನಿನ ಯೆನ್ ನಾಣ್ಯದ ಚಿಹ್ನೆ ಬಂದು, ತಲೆಯ ಮೇಲೆ ಓರೆಗೆರೆ ಹೊತ್ತ ಎ ಅಕ್ಷರದಲ್ಲಿ ಮುಗಿಯುವ ಸಾಲು ಕಾಣುತ್ತದೆ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಹುಡುಕಿದರೆ ಸಿಗದು, ಅಕಾರಾದಿ ಮಾಡಿದರೆ ತಪ್ಪುತ್ತದೆ, ದೃಷ್ಟಿಹೀನರು ಬಳಸುವ ಓದು ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಅಕ್ಷರರಾಶಿ. ಎರಡು ದಶಕದಷ್ಟು ಕಾಲದ ಸುತ್ತೋಲೆ, ನಡಾವಳಿ, ಪಠ್ಯಗಳ ದೊಡ್ಡ ಭಾಗ ಹೀಗೆ ಸಂಗ್ರಹವಾಗಿದೆ. ಸಾರ್ವಜನಿಕ ಲಭ್ಯತೆಯ ಕೊರತೆ ತಂತ್ರಾಂಶಕ್ಕೇ ನಿಲ್ಲದೆ ಅದು ಹುಟ್ಟಿಸಿದ ದಾಖಲೆಗಳಿಗೂ ಅಂಟಿಕೊಂಡಿತು.

ಇದನ್ನು ಮೊದಲೇ ಎತ್ತಿ ಹೇಳಿದವರಲ್ಲಿ ಲೇಖಕ ಪೂರ್ಣಚಂದ್ರ ತೇಜಸ್ವಿ ಪ್ರಮುಖರು. ಕನ್ನಡದ ತಂತ್ರಾಂಶ ಒಂದೆರಡು ಕೈಗಳಲ್ಲಿ ಸಿಕ್ಕಿಕೊಳ್ಳಬಾರದೆಂಬ ಅವರ ಒತ್ತಾಸೆಯ ಹಿನ್ನೆಲೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು ಕನ್ನಡ ತಂತ್ರಾಂಶ’ ಹೊರಬಂತು. ಆಮೇಲೆ ರಾಜ್ಯ ಸರ್ಕಾರ ಡಾ. ಬಿ. ಚಿದಾನಂದ ಗೌಡ ಅವರ ಅಧ್ಯಕ್ಷತೆಯಲ್ಲಿ ಕನ್ನಡ ತಂತ್ರಾಂಶ ಸಮಿತಿ ರಚಿಸಿತು. 2012ರಲ್ಲಿ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿತು. ಸಮಿತಿಯ ಕೆಲಸದ ಫಲವಾಗಿ ಯೂನಿಕೋಡ್ ಫಾಂಟುಗಳು, ಹಳೆಯ ಸಂಕೇತದ ಪರಿವರ್ತಕ, ಬ್ರೈಲ್ ಸಲಕರಣೆ ಮುಂತಾದವು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮೂಲಕ ಜನರಿಗೆ ಸಿಕ್ಕವು. ಇದೇ ಹೊತ್ತಿಗೆ ಸರ್ಕಾರದ ಹಣವಿಲ್ಲದೆ ಸ್ವಯಂಸೇವಕರು ರೂಪಿಸಿದ ‘ಗುಬ್ಬಿ’, ‘ನವಿಲು’ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಬಂದು ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳೊಳಗೆ ಸೇರಿಕೊಂಡವು. ಪರವಾನಗಿ ಸ್ಪಷ್ಟವಿದ್ದರೆ ತಂತ್ರಾಂಶ ತನ್ನ ಕರ್ತೃವನ್ನು ಕೇಳದೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಇವು ನಿದರ್ಶನ.

ತಂತ್ರಾಂಶವಲ್ಲದಿದ್ದರೂ ಇಲ್ಲಿ ಹೆಸರಿಸಬೇಕಾದ ಇನ್ನೊಂದು ಕ್ರಮವಿದೆ: ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅವು ವಿಕಿಸೋರ್ಸ್‌ಗೆ ಹೋದವು.

ವಿದ್ಯಾಸಂಸ್ಥೆಗಳ ಸಂಶೋಧನೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡದ ಅಕ್ಷರ ಗುರುತಿಸುವಿಕೆ ಮತ್ತು ಪಠ್ಯವನ್ನು ಧ್ವನಿಯಾಗಿಸುವ ತಂತ್ರಗಳ ಮೇಲೆ ದೀರ್ಘಕಾಲ ಕೆಲಸ ಮಾಡಿತು. ಅಲ್ಲಿ ಹುಟ್ಟಿದ ‘ಲಿಪಿ ಜ್ಞಾನಿ’ ಕನ್ನಡ ಲಿಪಿಯಲ್ಲಿ ಅಚ್ಚಾದ ಯಾವ ಭಾಷೆಯ ಪುಟವನ್ನಾದರೂ ಓದುವಂತೆ ರೂಪಿಸಿದ್ದು. ಕನ್ನಡದ ಜೊತೆಗೆ ತುಳು, ಕೊಂಕಣಿ, ಸಂಸ್ಕೃತ ಪುಸ್ತಕಗಳ ಪುಟಗಳ ಮೇಲೂ ಅದನ್ನು ಪರೀಕ್ಷಿಸಲಾಯಿತು. ಕರಾವಳಿಗೆ ಇದು ವಿಶೇಷವಾಗಿ ಸಲ್ಲುತ್ತದೆ: ಕುಂದಾಪುರ–ಬೈಂದೂರು ಕಡೆಯ ಕೊಂಕಣಿಯವರೂ ಬ್ರಹ್ಮಾವರದಿಂದ ದಕ್ಷಿಣದ ತುಳುವರೂ ಬರೆಯುವುದು, ಅಚ್ಚುಹಾಕುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ. ಇಂಥ ಸಂಶೋಧನೆಯ ಪ್ರಬಂಧ ಎಲ್ಲರ ಓದಿಗೂ ಸುಲಭವಾಗಿ ಸಿಗುತ್ತದೆ. ಆದರೆ ಪ್ರಬಂಧವನ್ನು ಓದಿದ ಮಾತ್ರಕ್ಕೆ ಊರಿನ ಗ್ರಂಥಾಲಯದ ಹಳೆಯ ಪುಸ್ತಕವನ್ನು ಗಣಕಕ್ಕೆ ಏರಿಸಲಾಗದು. ಅದಕ್ಕೆ ಓಡುವ ತಂತ್ರಾಂಶ ಕೈಗೆ ಬರಬೇಕು.

ಮದ್ರಾಸ್ ಐಐಟಿಯ ‘ಎಐ ಫಾರ್ ಭಾರತ್’ ಗುಂಪು ಬೇರೆ ಪದ್ಧತಿ ಹಿಡಿದಿದೆ. ಕೇಂದ್ರದ ಭಾಷಾ ತಂತ್ರಜ್ಞಾನ ಯೋಜನೆಯಾದ ‘ಭಾಷಿಣಿ’ಯ ನೆರವೂ ದಾನಿಗಳ ನೆರವೂ ಇರುವ ಈ ಗುಂಪು, 2023ರಲ್ಲಿ ‘ಇಂಡಿಕ್‌ಟ್ರಾನ್ಸ್ 2’ ಅನುವಾದ ಮಾದರಿಯನ್ನು ಸಂಕೇತ ಸಮೇತ ಎಂ.ಐ.ಟಿ. ಪರವಾನಗಿಯಲ್ಲಿ ಹೊರತಂದಿತು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳೂ ಅದರಲ್ಲಿವೆ.

ಮೂರು ತಾಲ್ಲೂಕುಗಳಲ್ಲಿ ಬಳಕೆ

ಉಡುಪಿ ಜಿಲ್ಲೆ 1997ರ ಆಗಸ್ಟ್‌ನಲ್ಲಿ ರಚನೆಯಾದಾಗ ಈ ಮೂರರಲ್ಲಿ ಕುಂದಾಪುರ ಮಾತ್ರ ತಾಲ್ಲೂಕಾಗಿತ್ತು. ಬೈಂದೂರು ಮತ್ತು ಬ್ರಹ್ಮಾವರ 2018ರಲ್ಲಿ ತಾಲ್ಲೂಕುಗಳಾದವು.

ಕಂದಾಯ ದಾಖಲೆ. ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ರಾಜ್ಯ ಕಂದಾಯ ಇಲಾಖೆಗೆ ಬರೆದುಕೊಟ್ಟ ‘ಭೂಮಿ’ ತಂತ್ರಾಂಶ 2000ದ ನಂತರ ಜಾರಿಗೆ ಬಂದು, ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ತಂದಿತು. ಆರಂಭದಲ್ಲಿ ಒಂದು ಪಹಣಿಗೆ 15 ರೂಪಾಯಿ ಶುಲ್ಕವಿತ್ತು. ಈಗ ಮನೆಯಲ್ಲೇ ಕೂತು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ ನಂಬರ್ ಕೊಟ್ಟರೆ ಆರ್‌ಟಿಸಿ (ಪಹಣಿ) ತೆರೆಯಲ್ಲಿ ಮೂಡುತ್ತದೆ. ದತ್ತಾಂಶ ಲಭ್ಯತೆಯಲ್ಲಿ ಇದು ದೊಡ್ಡ ಹೆಜ್ಜೆ. ತಂತ್ರಾಂಶ ಲಭ್ಯತೆ ಇದರಲ್ಲಿ ಇಲ್ಲ. ‘ಭೂಮಿ’ ಕಂದಾಯ ಇಲಾಖೆಯ ಒಳಗಿನ ಸಾಧನವಾಗಿಯೇ ಇದೆ. ಜಮೀನಿನ ಹಕ್ಕು ನಿರ್ಧರಿಸುವ ವ್ಯವಸ್ಥೆಯ ಸಂಕೇತವನ್ನು ತೆರೆದಿಡುವುದರಿಂದ ಭದ್ರತೆಗೆ ಅಪಾಯವೆಂಬ ವಾದ ಎಲ್ಲೆಡೆ ಕೇಳಿಬರುತ್ತದೆ. ಖಾತೆ ಬದಲಾವಣೆಯ ಸರದಿ ಪಾಲನೆಯಂಥ ನಿಯಮಗಳು ಹೇಗೆ ಬರೆಯಲ್ಪಟ್ಟಿವೆ ಎಂದು ಹೊರಗಿನವರು ಪರಿಶೀಲಿಸಲು ಆಗುವುದಿಲ್ಲ ಎಂಬುದು ಪ್ರತಿವಾದ.

ಮೀನುಗಾರಿಕೆ. ಗಂಗೊಳ್ಳಿಯ ಬಂದರಿನಿಂದ ಹೊರಡುವ ಬೋಟುಗಳೂ ಮರವಂತೆ, ಶಿರೂರು ಕಡೆಯ ನಾಡದೋಣಿಗಳೂ ಕೇಂದ್ರ ಭೂವಿಜ್ಞಾನ ಸಚಿವಾಲಯದ ಅಧೀನದ, ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರದ (ಇಂಕಾಯ್ಸ್) ಮುನ್ಸೂಚನೆಯ ವ್ಯಾಪ್ತಿಯಲ್ಲಿವೆ. ಉಪಗ್ರಹಗಳು ಅಳೆದ ಸಮುದ್ರ ಮೇಲ್ಮೈಯ ಉಷ್ಣತೆ ಮತ್ತು ಪತ್ರಹರಿತ್ತಿನಿಂದ ಬಂಗುಡೆ, ಬೈಗೆಯಂಥ ಮೀನು ಕೂಡುವ ಸಂಭವವಿರುವ ಜಾಗಗಳನ್ನು ಗುರುತಿಸಿ, ಇಳಿದಾಣದಿಂದ ದಿಕ್ಕು, ದೂರ, ಆಳಗಳನ್ನು ಕನ್ನಡ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ಈ ಕೇಂದ್ರ ಪ್ರಕಟಿಸುತ್ತದೆ. ಮೀನುಗಾರಿಕೆ ನಿಷೇಧದ ಕಾಲದಲ್ಲಿ, ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಮೀನಿನ ಸೂಚನೆ ಇರುವುದಿಲ್ಲ; ಅಲೆ ಮತ್ತು ಗಾಳಿಯ ಎಚ್ಚರಿಕೆ ಇರುತ್ತದೆ.

ಈ ಅಲೆಯ ಲೆಕ್ಕದ ಹಿಂದೆ ‘ವೇವ್‌ವಾಚ್ 3’ ಎಂಬ ತಂತ್ರಾಂಶವಿದೆ. ಅದನ್ನು ಬರೆದದ್ದು ಅಮೆರಿಕ ಸರ್ಕಾರದ ಹವಾಮಾನ ಮತ್ತು ಸಾಗರ ಸಂಸ್ಥೆ. ಪ್ರವಾಹಗಳ ಲೆಕ್ಕಕ್ಕೆ ಬಳಸುವ ‘ರೋಮ್ಸ್’ ಆ ದೇಶದ ವಿಶ್ವವಿದ್ಯಾಲಯಗಳಲ್ಲಿ, ಅಲ್ಲಿನ ನೌಕಾಪಡೆಯ ಸಂಶೋಧನಾ ಅನುದಾನದಲ್ಲಿ ಬೆಳೆದು ಮುಕ್ತ ಪರವಾನಗಿಯಲ್ಲಿ ಬಂದದ್ದು. ಇಲ್ಲಿನ ವಿಜ್ಞಾನಿಗಳು ಸಂಕೇತವನ್ನು ತೆಗೆದುಕೊಂಡು ಹಿಂದೂ ಮಹಾಸಾಗರಕ್ಕೆ ಹೊಂದಿಸಿಕೊಂಡರು. ಗಂಗೊಳ್ಳಿಯ ಬೋಟಿನ ತಾಂಡೇಲನಿಗೆ ಸಿಗುವ ಅಲೆಯ ಎತ್ತರದ ಅಂಕಿ ಬೇರೊಂದು ದೇಶದ ತೆರಿಗೆ ಹಣದ ತಂತ್ರಾಂಶದಿಂದ ಬರುತ್ತದೆ. ಅದು ಸಾಧ್ಯವಾದದ್ದು ಆ ಸಂಕೇತ ತೆರೆದಿದ್ದುದರಿಂದ. ಅದೇ ಊರಿನ ಪಂಚಾಯಿತಿ ಕಡತಗಳಿಗಾಗಿ ನಮ್ಮದೇ ತೆರಿಗೆಯಲ್ಲಿ ಬಂದ ತಂತ್ರಾಂಶದ ವಿಷಯದಲ್ಲಿ ಇಷ್ಟು ಹೇಳಲಾಗದು.

ಬೇಸಾಯ. ಬ್ರಹ್ಮಾವರದಲ್ಲಿ ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವಲಯ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಇವುಗಳ ಜೊತೆಗೆ, ರೈತರಿಗೆ ಹವಾಮಾನ ಆಧಾರಿತ ಸಲಹೆ ಕೊಡುವ ‘ಮೇಘದೂತ್’ ಆ್ಯಪ್ 2019ರಲ್ಲಿ ಬಂತು, ಅದು ಉಚಿತ. ಮುನ್ಸೂಚನೆಗೆ ಭಾರತೀಯ ಹವಾಮಾನ ಇಲಾಖೆ ಬಳಸುವ ಜಿ.ಎಫ್‌.ಎಸ್‌. ಮತ್ತು ಡಬ್ಲ್ಯು.ಆರ್‌.ಎಫ್‌. ಮಾದರಿಗಳ ಮೂಲವೂ ಅಮೆರಿಕದ ಸಾರ್ವಜನಿಕ ಸಂಸ್ಥೆಗಳೇ.

ಶಾಲೆ. ಪಠ್ಯಪುಸ್ತಕದ ಕ್ಯೂಆರ್ ಚಿಹ್ನೆಯಿಂದ ತೆರೆಯುವ ‘ದೀಕ್ಷಾ’ ವೇದಿಕೆ 2017ರದ್ದು. ಅದರ ತಳಪಾಯವಾದ ‘ಸನ್‌ಬರ್ಡ್’ ಮುಕ್ತ ತಂತ್ರಾಂಶ. 1956ರವರೆಗೆ ಈ ತಾಲ್ಲೂಕುಗಳಿದ್ದ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗವಾಗಿದ್ದ ಕಾಸರಗೋಡಿನಲ್ಲಿ ಸ್ಥಿತಿ ಭಿನ್ನ: ಕೇರಳದ ಶಾಲಾ ಐ.ಟಿ. ಯೋಜನೆ, ಈಗಿನ ಹೆಸರು ಕೈಟ್, ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯನ್ನು ಸಿದ್ಧಪಡಿಸಿ ಸರ್ಕಾರಿ ಶಾಲೆಗಳಿಗೆ ಕೊಡುತ್ತದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಅದರಲ್ಲೇ.

ಈಗಿನ ಸ್ಥಿತಿ

ಹಳೆಯ ಸಂಕೇತದ ಕನ್ನಡ ಕಡತಗಳನ್ನು ಯೂನಿಕೋಡ್‌ಗೆ ತರುವ ಕೆಲಸ ಮುಗಿದಿಲ್ಲ. ಇಲಾಖೆಯ ಪರಿವರ್ತಕದ ಜೊತೆಗೆ ಸ್ವಯಂಸೇವಕರು ಬರೆದ ಮುಕ್ತ ಪರಿವರ್ತಕಗಳೂ ಬಳಕೆಯಲ್ಲಿವೆ. ಅಚ್ಚಿಗೆ ಪುಟ ಜೋಡಿಸುವವರು ಹಳೆಯ ಫಾಂಟುಗಳನ್ನು ಇನ್ನೂ ಬಿಟ್ಟಿಲ್ಲ; ಪುಟವಿನ್ಯಾಸದ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡದಿರುವುದು ಒಂದು ಕಾರಣ.

2022ರ ಜುಲೈನಲ್ಲಿ ಉದ್ಘಾಟನೆಯಾದ ಭಾಷಿಣಿ ಯೋಜನೆಯಿಂದ ಲಭ್ಯತೆಯ ಪ್ರಶ್ನೆ ಫಾಂಟು, ಕೀಲಿಮಣೆಗಳಿಂದ ಮುಂದೆ ಸರಿದಿದೆ. ಅನುವಾದ ಮತ್ತು ಧ್ವನಿ ಗುರುತಿಸುವ ಮಾದರಿಗಳಲ್ಲಿ ಸಂಕೇತದಷ್ಟೇ ಮುಖ್ಯವಾದದ್ದು ಅವನ್ನು ಕಲಿಸಲು ಬಳಸಿದ ಪಠ್ಯ ಮತ್ತು ಧ್ವನಿ ಸಂಗ್ರಹ. ಸಂಕೇತ ಮಾತ್ರ ಕೊಟ್ಟು ಸಂಗ್ರಹ ಕೊಡದಿದ್ದರೆ ಮಾದರಿಯನ್ನು ಮತ್ತೆ ಕಟ್ಟಲಾಗದು. ಕೊಂಕಣಿ ಎಂಟನೇ ಅನುಸೂಚಿಯಲ್ಲಿರುವುದರಿಂದ ಇಂಡಿಕ್‌ಟ್ರಾನ್ಸ್‌ನ ಪಟ್ಟಿಯಲ್ಲಿದೆ. ತುಳು ಅನುಸೂಚಿಯ ಹೊರಗಿದೆ, ಹಾಗಾಗಿ ಪಟ್ಟಿಯಲ್ಲೂ ಇಲ್ಲ. ಕುಂದಾಪುರ ಸೀಮೆಯ ಆಡುನುಡಿಯಾದ ಕುಂದಗನ್ನಡ ಕನ್ನಡದೊಳಗಿನ ಪ್ರಭೇದವಾದ್ದರಿಂದ ಅದಕ್ಕೆ ಪ್ರತ್ಯೇಕ ನಮೂದಿಲ್ಲ. ಎಂ.ಐ.ಟಿ. ಪರವಾನಗಿಯ ಪ್ರಕಾರ ಇವೆರಡನ್ನೂ ಮಾದರಿಗೆ ಕಲಿಸಲು ಯಾರ ಒಪ್ಪಿಗೆಯೂ ಬೇಡ. ಅದಕ್ಕೆ ಬೇಕಾದ ಜೋಡಿ ವಾಕ್ಯಗಳ ಮತ್ತು ಧ್ವನಿಮುದ್ರಣಗಳ ಸಂಗ್ರಹವನ್ನು ಮಾತ್ರ ಮಾತಾಡುವವರ ನಡುವೆಯೇ ಕಲೆಹಾಕಬೇಕಾಗುತ್ತದೆ.